"ಎಲ್ಲರೂ ಮಾಡ್ತಾರೆ ಅಮ್ಮ" ಅನ್ನುವ ಮಗನಿಗೆ ಏನು ಹೇಳೋದು?

ಪ್ರಶ್ನೆ: ನನ್ನ ಮಗನಿಗೆ 14 ವರ್ಷ, ಒಂಬತ್ತನೇ ತರಗತಿ. ಹೋದ ವರ್ಷದವರೆಗೂ ಮನೆಗೆ ಬಂದ ಕೂಡಲೇ ಶಾಲೆಯಲ್ಲಿ ನಡೆದದ್ದನ್ನೆಲ್ಲ ಹೇಳುತ್ತಿದ್ದ. ಈ ವರ್ಷ ಸೆಕ್ಷನ್ ಬದಲಾಯಿತು. ಐದು ಹುಡುಗರ ಒಂದು ಗುಂಪಿಗೆ ಸೇರಿಕೊಂಡಿದ್ದಾನೆ. ಇಷ್ಟಪಟ್ಟು ಆಡುತ್ತಿದ್ದ ಚೆಸ್ ಬಿಟ್ಟ. ಉತ್ತರ ಗೊತ್ತಿದ್ದರೂ ಕ್ಲಾಸಿನಲ್ಲಿ ಕೈ ಎತ್ತುವುದಿಲ್ಲ ಅಂತ ಟೀಚರ್ ಹೇಳಿದರು. ಹೋದ ವಾರ ಬ್ಯಾಗಿನಲ್ಲಿ ವೇಪ್, ಅಂದರೆ ಇ-ಸಿಗರೇಟ್ ಸಿಕ್ಕಿತು. ಕೇಳಿದರೆ, "ನಂದಲ್ಲ, ಇಟ್ಕೊಂಡಿರು ಅಂತ ಕೊಟ್ಟಿದ್ದು" ಅಂದ. ಅವನಿಗೆ ಹೇಳದೆ ಮೊಬೈಲ್ ತೆಗೆದು ನೋಡಿದೆ. ಚಿಕ್ಕಂದಿನಿಂದ ಜೊತೆಗಿದ್ದ ಗೆಳೆಯನಿಗೆ ಮಾತು ಸ್ವಲ್ಪ ತೊದಲುತ್ತದೆ. ಆ ತೊದಲನ್ನು ಅಣಕಿಸಿ ಗುಂಪಿಗೆ ವಾಯ್ಸ್ ಮೆಸೇಜ್ ಕಳಿಸಿದ್ದಾನೆ. ಬೈದಾಗ, "ಎಲ್ಲರೂ ಮಾಡ್ತಾರೆ ಅಮ್ಮ, ನಿನಗೆ ಗೊತ್ತಾಗಲ್ಲ" ಅಂದ. ನನ್ನ ಮಗ ಇಂಥವನಲ್ಲ. ಆ ಹುಡುಗರ ಸಹವಾಸ ಬಿಡಿಸಬೇಕಾ? ಶಾಲೆ ಬದಲಿಸಬೇಕಾ? ಮೊಬೈಲ್ ಕಿತ್ತುಕೊಂಡು ಎರಡೇಟು ಹಾಕಿದರೆ ಸರಿಹೋಗುತ್ತಾನೆ ಅಂತ ಅವನ ಅಪ್ಪ ಹೇಳುತ್ತಾರೆ. ಆ ಗೆಳೆಯನ ತಾಯಿ ನನಗೆ ತುಂಬಾ ಬೇಕಾದವರು. ಅವರ ಮುಖ ನೋಡೋದು ಹೇಗೆ ಅಂತಲೂ ತಿಳಿಯುತ್ತಿಲ್ಲ.

ಉತ್ತರ: ವೇಪ್ ನಿಮ್ಮನ್ನು ಹೆಚ್ಚು ಹೆದರಿಸಿದೆ ಅನ್ನೋದು ನಿಮ್ಮ ಪತ್ರದಲ್ಲಿ ಗೊತ್ತಾಗುತ್ತದೆ. ನನ್ನ ಮನಸ್ಸು ಮಾತ್ರ ಆ ವಾಯ್ಸ್ ಮೆಸೇಜ್ ಹತ್ತಿರ ನಿಂತುಬಿಟ್ಟಿತು. ಒಬ್ಬನ ತೊದಲನ್ನು ವರ್ಷಗಟ್ಟಲೆ ಪಕ್ಕದಲ್ಲಿ ಕೂತು ಕೇಳಿದವನಿಗೇ ಅದನ್ನು ಸರಿಯಾಗಿ ಅಣಕಿಸೋಕೆ ಬರೋದು. ಹಳೆಯ ಗೆಳೆತನದಲ್ಲಿ ಸಿಕ್ಕಿದ್ದನ್ನು ನಿಮ್ಮ ಮಗ ಹೊಸ ಗುಂಪಿನ ಮುಂದೆ ಇಟ್ಟಿದ್ದಾನೆ, ನನ್ನನ್ನೂ ನಿಮ್ಮವನು ಅಂದ್ಕೊಳ್ಳಿ ಅಂತ. ನಿಮಗೆ ನೋವಾಗಲಿ ಅಂತ ಇದನ್ನು ಹೇಳುತ್ತಿಲ್ಲ. ಅವನೊಳಗೆ ಏನು ನಡೆಯುತ್ತಿದೆ ಅನ್ನೋದು ವೇಪ್‌ಗಿಂತ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅವನು ಕೆಟ್ಟುಹೋಗಿಲ್ಲ. ಹೊರಗುಳಿದುಬಿಡ್ತೀನಿ ಅಂತ ಹೆದರಿದ್ದಾನೆ.

ನಾನು ಹೈಸ್ಕೂಲ್ ಮಕ್ಕಳ ಜೊತೆ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ಪೀರ್ ಪ್ರೆಶರ್, ಅಂದರೆ ಓರಗೆಯವರ ಒತ್ತಡ ಅಂದಕೂಡಲೇ ಅಪ್ಪ ಅಮ್ಮಂದಿರ ಕಣ್ಣಿಗೆ ಬರೋದು ಒಂದೇ ಚಿತ್ರ. ಒಬ್ಬ ಪುಂಡ ಹುಡುಗ ಇನ್ನೊಬ್ಬನನ್ನು ಗೋಡೆಗೆ ಒತ್ತಿ, "ಸೇದ್ತೀಯೋ ಇಲ್ವೋ" ಅಂತ ಗದರಿಸುವುದು. ಹಾಗೆ ಆಗೋದೂ ಇದೆ. ಆದರೆ ನನ್ನ ಮುಂದೆ ಬಂದು ಕೂತ ಮಕ್ಕಳಲ್ಲಿ ಜಾಸ್ತಿ ಜನರಿಗೆ ಯಾರೂ ಏನನ್ನೂ ಮಾಡು ಅಂದಿರಲಿಲ್ಲ.

ಒಬ್ಬ ಹುಡುಗಿ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. "ಯಾರಾದ್ರೂ ಏನಾದ್ರೂ ಹೇಳಿದ ತಕ್ಷಣ ನಾನು ನಗಲ್ಲ ಮೇಡಂ. ಮೊದಲು ಅವಳ ಮುಖ ನೋಡ್ತೀನಿ. ಅವಳು ನಕ್ಕರೆ ನಗ್ತೀನಿ." ಅವಳು ಅಂದರೆ ಆ ಗುಂಪಿನ ಮುಖ್ಯ ಹುಡುಗಿ. ಎಷ್ಟು ಹೊತ್ತು ನೋಡ್ತೀಯಮ್ಮ ಅಂತ ಕೇಳಿದೆ. ಬೆರಳಲ್ಲಿ ಚಿಟಿಕೆ ಹೊಡೆದು ತೋರಿಸಿದಳು. ಅಷ್ಟೇ ಹೊತ್ತು. ಆ ಚಿಟಿಕೆ ಹೊತ್ತಿನಲ್ಲಿ ಅವಳ ಸ್ವಂತ ನಗು ಅವಳ ಕೈತಪ್ಪಿ ಹೋಗುತ್ತಿತ್ತು. ಅಲ್ಲಿ ಯಾರೂ ಅವಳನ್ನು ತಳ್ಳಿರಲಿಲ್ಲ, ಬೆದರಿಸಿರಲಿಲ್ಲ. ಆ ಮುಖ್ಯ ಹುಡುಗಿಗೆ ತನ್ನ ಮುಖವನ್ನು ಹೀಗೆ ಓದುತ್ತಿದ್ದಾರೆ ಅನ್ನೋದೂ ಬಹುಶಃ ಗೊತ್ತಿರಲಿಲ್ಲ.

ಇದು ಮಕ್ಕಳಿಗೆ ಮಾತ್ರ ಇರೋ ದೌರ್ಬಲ್ಯ ಅಲ್ಲ. 1950ರ ದಶಕದ ಮೊದಲಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲಮನ್ ಆಶ್ ಕಾಲೇಜು ಹುಡುಗರನ್ನು ಕೂರಿಸಿ ಒಂದು ಪ್ರಯೋಗ ಮಾಡಿದರು. ಒಂದು ಕಾರ್ಡಿನ ಮೇಲೆ ಒಂದು ಗೆರೆ. ಇನ್ನೊಂದರ ಮೇಲೆ ಮೂರು. ಆ ಮೂರರಲ್ಲಿ ಯಾವುದು ಮೊದಲನೆಯದರಷ್ಟೇ ಉದ್ದ ಇದೆ ಅಂತ ಗಟ್ಟಿಯಾಗಿ ಹೇಳಬೇಕು. ಚಿಕ್ಕ ಮಗು ಕೂಡ ಹೇಳುವಷ್ಟು ಸುಲಭ. ಆದರೆ ಕೋಣೆಯಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆಶ್ ಅವರ ಕಡೆಯವರು. ಅವರು ಬೇಕಂತಲೇ ಒಂದೇ ತಪ್ಪು ಉತ್ತರ ಹೇಳುತ್ತಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂತೀವಲ್ಲ, ಹಾಗೇ ಆಯ್ತು. ಗುಂಪು ತಪ್ಪು ಹೇಳಿದ ಸುತ್ತುಗಳಲ್ಲಿ ಸುಮಾರು ಮೂರರಲ್ಲಿ ಒಂದು ಸಲ ಆ ಒಬ್ಬನೂ ತಪ್ಪನ್ನೇ ಹೇಳಿದ. ನಾಲ್ಕರಲ್ಲಿ ಮೂರು ಜನ ಒಂದು ಸಲವಾದರೂ ತಮ್ಮ ಕಣ್ಣನ್ನು ಬಿಟ್ಟು ಗುಂಪಿನ ಹಿಂದೆ ಹೋದರು. ಗೆರೆಗಳ ಉದ್ದಕ್ಕೇ ಹೀಗಾದರೆ, ದಿನವೂ ಪಕ್ಕದಲ್ಲಿ ಕೂರುವ ಗೆಳೆಯರ ಮುಂದೆ ಏನಾಗಬೇಡ?

ಆ ಪ್ರಯೋಗದ ಇನ್ನೊಂದು ಭಾಗದ ಬಗ್ಗೆ ಯಾರೂ ಅಷ್ಟು ಮಾತಾಡೋದಿಲ್ಲ. ನನಗೆ ಅದೇ ಮುಖ್ಯ. ಕೋಣೆಯಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳುವವನನ್ನು ಸೇರಿಸಿದಾಗ ತಪ್ಪುಗಳು ಕಾಲುಭಾಗಕ್ಕೆ ಇಳಿದವು. ಗುಂಪು ಹಾಗೇ ಇತ್ತು, ಎಲ್ಲರೂ ಹಾಗೇ ತಪ್ಪು ಹೇಳುತ್ತಿದ್ದರು. ಒಬ್ಬ ಜೊತೆಗಿದ್ದಿದ್ದಕ್ಕೆ ಇಷ್ಟು ವ್ಯತ್ಯಾಸ. ಇದನ್ನು ನೆನಪಲ್ಲಿಟ್ಟುಕೊಳ್ಳಿ, ಮುಂದೆ ಮತ್ತೆ ಇಲ್ಲಿಗೇ ಬರುತ್ತೇನೆ.

ಹದಿಹರೆಯದಲ್ಲಿ ಇದು ಯಾಕೆ ಜಾಸ್ತಿ ಅನ್ನೋದಕ್ಕೆ ಮಿದುಳಿನಲ್ಲೂ ಕಾರಣ ಇದೆ. ಮಾರ್ಗೋ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಅನ್ನುವ ಇಬ್ಬರು 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 306 ಜನರಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟರು. ಹಳದಿ ದೀಪ ಬಂದಾಗ ನಿಲ್ಲಿಸಬೇಕು ಇಲ್ಲವೇ ನುಗ್ಗಬೇಕು. ಕೆಲವರು ಒಬ್ಬರೇ ಆಡಿದರು. ಕೆಲವರು ಓರಗೆಯ ಇಬ್ಬರು ಪಕ್ಕದಲ್ಲಿ ನಿಂತಿರುವಾಗ ಆಡಿದರು. 24 ದಾಟಿದವರಿಗೆ ಪಕ್ಕದಲ್ಲಿ ಯಾರಿದ್ದರೂ ಒಂದೇ. 13ರಿಂದ 16ರವರು ಮಾತ್ರ ಗೆಳೆಯರ ಮುಂದೆ ತುಂಬಾ ಜಾಸ್ತಿ ನುಗ್ಗಿದರು. ಆಮೇಲೆ 2011ರಲ್ಲಿ ಇಂಥದ್ದೇ ಆಟವನ್ನು ಮಿದುಳಿನ ಸ್ಕ್ಯಾನ್ ಮಾಡುತ್ತಾ ಆಡಿಸಿದರು. ಗೆಳೆಯರು ಬೇರೆ ಕೋಣೆಯಲ್ಲಿ ಕೂತು ಪರದೆಯಲ್ಲಿ ನೋಡ್ತಿದ್ದಾರೆ ಅಂತ ಗೊತ್ತಾದಷ್ಟಕ್ಕೇ, ಖುಷಿ ಮತ್ತು ಬಹುಮಾನಕ್ಕೆ ಮಿಡಿಯುವ ಮಿದುಳಿನ ಭಾಗ ಹದಿಹರೆಯದವರಲ್ಲಿ ಹೆಚ್ಚು ಚುರುಕಾಯಿತು. ದೊಡ್ಡವರಲ್ಲಿ ಹಾಗಾಗಲಿಲ್ಲ.

ಅಂದರೆ ನಿಮ್ಮ ಮಗ ಮನೆಯಲ್ಲಿ ನಿಮ್ಮ ಎದುರು ಕೂತು "ತಪ್ಪು ಅಂತ ಗೊತ್ತು ಅಮ್ಮ" ಅಂದಾಗ ಅದು ನಾಟಕ ಅಲ್ಲ. ಆ ಹೊತ್ತಿಗೆ ಅವನಿಗೆ ನಿಜವಾಗಿ ಗೊತ್ತಿರುತ್ತದೆ. ಐದು ಜನರ ನಡುವೆ ನಿಂತಾಗ ಗೊತ್ತಿರೋದು ಹಿಂದೆ ಸರಿದು ಬೇರೆ ಏನೋ ಮುಂದೆ ಬರುತ್ತದೆ. ಗುಂಪಿನಲ್ಲಿ ಗೋವಿಂದ ಅಂತ ನಮ್ಮ ಹಿರಿಯರು ಅಂದಿದ್ದು ಇದಕ್ಕೇ. ಅದಕ್ಕೇ "ನಿನಗೆ ಬುದ್ಧಿ ಇಲ್ವಾ" ಅಂತ ಕೇಳಿದರೆ ಉಪಯೋಗ ಆಗೋದಿಲ್ಲ. ಬುದ್ಧಿ ಇದೆ. ಗೆಳೆಯರ ಮುಂದೆ ಅದನ್ನು ಬಳಸೋ ಶಕ್ತಿ ಇನ್ನೂ ಬೆಳೆಯುತ್ತಿದೆ. ಇದೇ ಸ್ಟೈನ್‌ಬರ್ಗ್ ಮತ್ತು ಕ್ಯಾಥ್ರಿನ್ ಮೋನಹಾನ್ 2007ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಕಂಡಿದ್ದೂ ಇದೇ. ಓರಗೆಯವರಿಗೆ ಎದುರು ನಿಲ್ಲುವ ಶಕ್ತಿ ಹೆಚ್ಚಾಗಿ ಬೆಳೆಯೋದು 14ರಿಂದ 18ರ ನಡುವೆ. ನಿಮ್ಮ ಮಗ ಆ ಏರಿನ ಬುಡದಲ್ಲಿ ನಿಂತಿದ್ದಾನೆ. ಮೇಲೆ ಹತ್ತೋಕೆ ಅವನಿಗೆ ಸಮಯ ಬೇಕು, ಆಸರೆಯೂ ಬೇಕು.

ಈಗ "ಎಲ್ಲರೂ ಮಾಡ್ತಾರೆ" ಅನ್ನೋ ಮಾತಿಗೆ ಬರೋಣ.

ಈ ಮಾತನ್ನು ಸುಳ್ಳು ಅಂತ ತಳ್ಳಿಹಾಕಬೇಡಿ. ಅವನು ನಿಜ ಅಂತ ನಂಬಿಯೇ ಹೇಳುತ್ತಿದ್ದಾನೆ. ಆದರೆ ಅವನ ಲೆಕ್ಕ ತಪ್ಪು. ನಾನು ತರಗತಿಗಳಲ್ಲಿ ಒಂದು ಚಟುವಟಿಕೆ ಮಾಡಿಸುತ್ತೇನೆ. ಎಲ್ಲರಿಗೂ ಎರಡು ಚೀಟಿ. ಹೆಸರು ಬರೆಯೋ ಹಾಗಿಲ್ಲ. ಮೊದಲ ಚೀಟಿಯಲ್ಲಿ, "ಒಬ್ಬರನ್ನು ಎಲ್ಲರ ಮುಂದೆ ಆಡಿಕೊಂಡು ನಕ್ಕಾಗ ನನಗೆ ಒಳಗೆ ಹಿಂಸೆ ಆಗುತ್ತೆ" ಅನ್ನೋದಕ್ಕೆ ಹೌದು ಅಥವಾ ಇಲ್ಲ ಬರೆಯಬೇಕು. ಎರಡನೇ ಚೀಟಿಯಲ್ಲಿ, ಈ ತರಗತಿಯಲ್ಲಿ ಎಷ್ಟು ಜನ ಹೌದು ಅಂತ ಬರೆದಿರಬಹುದು ಅಂತ ಊಹಿಸಬೇಕು. ಆಮೇಲೆ ಎರಡನ್ನೂ ಬೋರ್ಡಿನ ಮೇಲೆ ಬರೆಯುತ್ತೇವೆ. ನಿಜವಾದ ಸಂಖ್ಯೆ ಊಹೆಗಿಂತ ಎಷ್ಟೋ ದೊಡ್ಡದಿರುತ್ತದೆ. ಆ ಎರಡು ಅಂಕಿ ನೋಡಿದಾಗ ತರಗತಿಯಲ್ಲಿ ಒಂದು ಥರದ ಮೌನ ಬರುತ್ತದೆ. ಮಕ್ಕಳು ತಿರುತಿರುಗಿ ಪಕ್ಕದವರನ್ನು ನೋಡುತ್ತಾರೆ. ನೀನೂನಾ ಅನ್ನೋ ಹಾಗೆ.

1993ರಲ್ಲಿ ಡೆಬೊರಾ ಪ್ರೆಂಟಿಸ್ ಮತ್ತು ಡೇಲ್ ಮಿಲ್ಲರ್ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಕುಡಿತದ ಬಗ್ಗೆ ಇದನ್ನೇ ಕಂಡಿದ್ದರು. ಕ್ಯಾಂಪಸ್ಸಿನ ಕುಡಿತದ ಬಗ್ಗೆ ತಮಗೆ ಇರುಸುಮುರುಸು ಇದೆ, ಉಳಿದವರಿಗೆ ಅಷ್ಟು ಇಲ್ಲ ಅಂತ ವಿದ್ಯಾರ್ಥಿಗಳು ಅಂದುಕೊಂಡಿದ್ದರು. ಒಳಗೆ ಒಂದು, ಹೊರಗೆ ಇನ್ನೊಂದು. ಹೊರಗೆ ಕಾಣೋದನ್ನು ಮಾತ್ರ ಎಲ್ಲರೂ ಎಣಿಸುತ್ತಾರೆ. ನಿಮ್ಮ ಮಗನ ಗುಂಪಿನ ಐದು ಹುಡುಗರಲ್ಲೂ ಆ ವಾಯ್ಸ್ ಮೆಸೇಜ್ ಕೇಳಿ ಮುಜುಗರಪಟ್ಟವನು ಒಬ್ಬನಾದರೂ ಇರಬಹುದು. ಅವನೂ ನಗುವ ಇಮೋಜಿ ಹಾಕಿರುತ್ತಾನೆ.

ಹಾಗಾಗಿ ಮಗ ಮತ್ತೊಮ್ಮೆ "ಎಲ್ಲರೂ" ಅಂದಾಗ ವಾದಕ್ಕೆ ಇಳಿಯಬೇಡಿ. ಕುತೂಹಲದಿಂದ ಕೇಳಿ. "ಎಲ್ಲರೂ ಅಂದ್ರೆ ಯಾರ್ಯಾರು? ನಿನ್ನ ಕ್ಲಾಸಲ್ಲಿ ಎಷ್ಟು ಜನ ಇದ್ದೀರಿ? ಅವರಲ್ಲಿ ನೀನು ಕಣ್ಣಾರೆ ನೋಡಿದ್ದು ಎಷ್ಟು ಜನರನ್ನ?" ಪೊಲೀಸ್ ವಿಚಾರಣೆ ಥರ ಬೇಡ. ಕೈಯಲ್ಲಿ ಏನೋ ಕೆಲಸ ಮಾಡ್ತಾ, ಅವನ ಕಡೆ ಜಾಸ್ತಿ ನೋಡದೆ ಕೇಳಿ. ಈ ವಯಸ್ಸಿನವರು ಎದುರಾಬದುರು ಕೂತಾಗ ಬಾಯಿ ಬಿಡೋದು ಕಡಿಮೆ. ಪಕ್ಕದಲ್ಲಿ ನಡೆಯುವಾಗ, ಗಾಡಿಯಲ್ಲಿ ಹೋಗುವಾಗ, ಬಟ್ಟೆ ಮಡಚುವಾಗ ಮಾತು ತಾನಾಗಿ ಬರುತ್ತದೆ. ಅವನು ಎಣಿಸೋಕೆ ಶುರು ಮಾಡಿದರೆ ಸಾಕು. ನೀವು ಉತ್ತರ ಹೇಳಬೇಕಾಗಿಲ್ಲ.

ಮೊಬೈಲ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 2016ರ ಒಂದು ಅಧ್ಯಯನದಲ್ಲಿ ಹದಿಹರೆಯದ 32 ಮಕ್ಕಳಿಗೆ ಸ್ಕ್ಯಾನರ್ ಒಳಗೆ ಇನ್‌ಸ್ಟಾಗ್ರಾಂ ಥರದ ಫೋಟೋಗಳನ್ನು ತೋರಿಸಿದರು. ಲೈಕ್‌ಗಳ ಸಂಖ್ಯೆಯನ್ನು ಸಂಶೋಧಕರೇ ಹಾಕಿದ್ದರು. ಫೋಟೋ ಅದೇ ಇದ್ದರೂ, ಲೈಕ್ ಜಾಸ್ತಿ ಕಂಡಾಗ ಮಕ್ಕಳೂ ಲೈಕ್ ಒತ್ತಿದ್ದು ಜಾಸ್ತಿ. ಮೊದಲೆಲ್ಲ ಶಾಲೆಯ ಗಂಟೆ ಹೊಡೆದ ಮೇಲೆ ಗುಂಪು ಚದುರುತ್ತಿತ್ತು, ಮಗು ಮನೆಗೆ ಬಂದು ಉಸಿರು ಬಿಡುತ್ತಿತ್ತು. ಈಗ ಗುಂಪು ದಿಂಬಿನ ಪಕ್ಕದಲ್ಲೇ ಮಲಗುತ್ತದೆ. ರಾತ್ರಿ ಹೊತ್ತು ಮೊಬೈಲ್ ಕೋಣೆಯಿಂದ ಹೊರಗಿರಲಿ ಅನ್ನೋ ನಿಯಮ ಮಾಡಿ. ನಿಮ್ಮದೂ, ಅವನ ಅಪ್ಪನದೂ ಅಲ್ಲೇ ಇರಲಿ. ಪೂರ್ತಿ ಕಿತ್ತುಕೊಳ್ಳಬೇಡಿ. ಹಾಗೆ ಮಾಡಿದರೆ ಅವನು ಹೆದರಿರುವುದು ಯಾವುದಕ್ಕೋ ಅದನ್ನೇ ನೀವು ಮಾಡಿದ ಹಾಗೆ ಆಗುತ್ತದೆ. ಎಲ್ಲರಿಂದ ಅವನನ್ನು ಹೊರಗೆ ಹಾಕಿದ ಹಾಗೆ.

ನೀವು ಅವನಿಗೆ ಹೇಳದೆ ಮೊಬೈಲ್ ನೋಡಿದ್ದೀರಿ. ಭಯದಲ್ಲಿ ಮಾಡಿದ್ದೀರಿ, ನಾನು ತಪ್ಪು ಎಣಿಸೋದಿಲ್ಲ. ಆದರೆ ಅದನ್ನು ಅವನ ಮುಂದೆ ಒಪ್ಪಿಕೊಳ್ಳಿ. "ಹೇಳದೆ ನೋಡಿದ್ದು ನನಗೂ ಸರಿ ಅನ್ನಿಸಲಿಲ್ಲ. ವೇಪ್ ಸಿಕ್ಕಿದ ಮೇಲೆ ಹೆದರಿಬಿಟ್ಟೆ. ಇನ್ನು ಮುಂದೆ ನೋಡಬೇಕು ಅನ್ನಿಸಿದರೆ ನಿನಗೆ ಹೇಳಿಯೇ ನೋಡ್ತೀನಿ." ಹೀಗಂದರೆ ನಿಮ್ಮ ಮರ್ಯಾದೆ ಕಡಿಮೆ ಆಗಲ್ಲ. ತಪ್ಪು ಒಪ್ಪಿಕೊಂಡರೂ ಮನುಷ್ಯ ಹಾಗೇ ನಿಂತಿರುತ್ತಾನೆ ಅನ್ನೋದನ್ನು ಅವನು ಮೊದಲು ಮನೆಯಲ್ಲಿ ನೋಡಬೇಕು. ಅವನಿಗೂ ಒಂದು ತಪ್ಪು ಒಪ್ಪಿಕೊಳ್ಳೋದಿದೆಯಲ್ಲ.

ವೇಪ್ ಬಗ್ಗೆ ಮಾತ್ರ ನಾನು ಸಡಿಲ ಬಿಡೋದಿಲ್ಲ. ಅದರಲ್ಲಿ ಸಾಮಾನ್ಯವಾಗಿ ನಿಕೋಟಿನ್ ಇರುತ್ತದೆ. ಬೆಳೆಯುತ್ತಿರುವ ಮಿದುಳಿಗೆ ಅದರ ಚಟ ಬೇಗ ಹತ್ತುತ್ತದೆ. ಹಣ್ಣಿನ ವಾಸನೆ ಬರುತ್ತೆ, ಹೊಗೆ ಅಲ್ಲ ಆವಿ ಅಂತ ಮಕ್ಕಳು ಹಗುರವಾಗಿ ತಗೊಳ್ಳುತ್ತಾರೆ. ಅದು ಮನೆಯೊಳಗೆ ಬರೋ ಹಾಗಿಲ್ಲ, ನಿನ್ನದಾಗಲಿ ಬೇರೆಯವರದಾಗಲಿ. ಇದನ್ನು ಒಂದೇ ಸಲ, ಸ್ಪಷ್ಟವಾಗಿ ಹೇಳಿ. "ನಂದಲ್ಲ" ಅನ್ನೋ ಮಾತು ನಿಜವೂ ಇರಬಹುದು. ಗುಂಪಿನ ಹೊಸಬನ ಬ್ಯಾಗಿನಲ್ಲಿ ಇಂಥದ್ದನ್ನು ಇಡಿಸೋದು ನಾನು ತುಂಬಾ ಸಲ ನೋಡಿದ್ದೇನೆ. ಸಿಕ್ಕಿಬಿದ್ದರೆ ಅವನು ಬೀಳುತ್ತಾನೆ, ಬೀಳದಿದ್ದರೆ ನಂಬಿಕೆ ಗಳಿಸುತ್ತಾನೆ. ನಿನ್ನದೋ ಅಲ್ವೋ ಅನ್ನೋ ಜಗಳ ಬಿಟ್ಟು, "ಇಟ್ಕೋ ಅಂತ ಕೊಟ್ಟಾಗ ಬೇಡ ಅನ್ನೋಕೆ ಏನು ಕಷ್ಟ ಆಯ್ತು?" ಅಂತ ಕೇಳಿ. ಉತ್ತರ ಬರೋವರೆಗೆ ಸುಮ್ಮನೆ ಕಾಯಿರಿ. ತುಂಬಾ ಹೊತ್ತು ಕಾಯಬೇಕಾಗಬಹುದು. ಆ ಮೌನವನ್ನು ನೀವು ಬುದ್ಧಿಮಾತಿನಿಂದ ತುಂಬಬೇಡಿ.

ಬೇಡ ಅನ್ನೋದನ್ನು ಕಲಿಸಿ ಅಂತ ಎಲ್ಲರೂ ಹೇಳುತ್ತಾರೆ. ಅಮೆರಿಕದಲ್ಲಿ 1980ರ ದಶಕದಲ್ಲಿ ಮಾದಕ ವಸ್ತುಗಳಿಗೆ "ಬೇಡ ಅನ್ನಿ, ಸಾಕು" ಅನ್ನೋ ಅರ್ಥದ ದೊಡ್ಡ ಪ್ರಚಾರವೇ ನಡೆಯಿತು. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಡೇರ್ ಎಂಬ ಕಾರ್ಯಕ್ರಮದಲ್ಲಿ ಪೊಲೀಸರೇ ಶಾಲೆಗೆ ಬಂದು ಪಾಠ ಮಾಡುತ್ತಿದ್ದರು. ವರ್ಷಗಳ ನಂತರ ಸಂಶೋಧಕರು ನೋಡಿದರೆ, ಆ ಪಾಠ ಕೇಳಿದ ಮಕ್ಕಳಿಗೂ ಕೇಳದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. ನನಗೆ ಇದು ಆಶ್ಚರ್ಯ ಅನ್ನಿಸೋದಿಲ್ಲ. ಬೇಡ ಅನ್ನೋ ಪದ ಯಾವ ಮಗುವಿಗೆ ಗೊತ್ತಿಲ್ಲ? ಬೇಡ ಅಂದ ಮರುದಿನ ಯಾರ ಪಕ್ಕ ಕೂರೋದು ಅನ್ನೋದು ಅವರ ಚಿಂತೆ. ಅದಕ್ಕೆ ಉತ್ತರ ಕೊಡದೆ ಬರೀ ಪದ ಕೊಟ್ಟರೆ ಏನು ಬಂತು?

ಅದಕ್ಕೇ ಮಕ್ಕಳಿಗೆ ಮುಖ ಉಳಿಸಿಕೊಂಡು ಹೊರಬರೋ ದಾರಿ ಬೇಕು. ಒಂದನ್ನು ನೀವಿಬ್ಬರೂ ಸೇರಿ ಇವತ್ತೇ ಮಾಡಿಕೊಳ್ಳಬಹುದು. ಎಲ್ಲಾದರೂ ಸಿಕ್ಕಿಹಾಕಿಕೊಂಡೆ ಅನ್ನಿಸಿದಾಗ ಅವನು ನಿಮಗೆ ಒಂದು ಅಕ್ಷರ ಮೆಸೇಜ್ ಮಾಡಲಿ. ಯಾವ ಅಕ್ಷರ ಅಂತ ಅವನೇ ಆರಿಸಲಿ. ಅದು ಬಂದ ಕೂಡಲೇ ನೀವು ಫೋನ್ ಮಾಡಿ, ಪಕ್ಕದವರಿಗೆ ಕೇಳೋ ಹಾಗೆ ಗದರಿ: "ಎಲ್ಲಿದ್ದೀಯೋ? ಈಗಲೇ ಮನೆಗೆ ಬಾ." ಅವನು ಗೆಳೆಯರ ಮುಂದೆ ಮುಖ ಸಿಂಡರಿಸಿ, "ಅಮ್ಮನ ಕಾಟ" ಅಂದುಕೊಂಡು ಹೊರಟುಬರಲಿ. ಕೆಟ್ಟ ಅಮ್ಮ ಅನ್ನೋ ಹೆಸರು ನಿಮಗಿರಲಿ. ಒಂದೇ ಷರತ್ತು. ಮನೆಗೆ ಬಂದ ಮೇಲೆ ಆ ದಿನ ನೀವು ಏನೂ ಕೇಳಬಾರದು. ಏನಾಯ್ತು, ಯಾರಿದ್ದರು, ಯಾವುದೂ ಬೇಡ. ಒಂದು ಸಲ ಈ ಮಾತು ಮುರಿದರೆ ಆ ಅಕ್ಷರ ಮತ್ತೆ ಬರೋದಿಲ್ಲ.

ಇನ್ನೊಂದು ವಿಷಯ ನಿಮಗೆ ಸ್ವಲ್ಪ ಕಷ್ಟ ಅನ್ನಿಸಬಹುದು. ಅವನು ನಿಮ್ಮ ಜೊತೆ ವಾದ ಮಾಡಲಿ, ಬಿಡಿ. ವರ್ಜೀನಿಯಾ ವಿಶ್ವವಿದ್ಯಾಲಯದ ಜೋಸೆಫ್ ಆಲೆನ್ ಮತ್ತು ಸಂಗಡಿಗರು 157 ಮಕ್ಕಳನ್ನು ಕೆಲವು ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನ 2012ರಲ್ಲಿ ಬಂತು. 13ರ ವಯಸ್ಸಿನಲ್ಲಿ ಅಮ್ಮನ ಜೊತೆ ಭಿನ್ನಾಭಿಪ್ರಾಯ ಬಂದಾಗ ಕಿರುಚದೆ, ಅಳದೆ, ಕಾರಣ ಕೊಟ್ಟು ತಮ್ಮ ಮಾತಿಗೆ ಅಂಟಿಕೊಂಡು ನಿಂತ ಮಕ್ಕಳನ್ನು ಗಮನಿಸಿದರು. ಎರಡು ಮೂರು ವರ್ಷದ ನಂತರ ಗೆಳೆಯರು ಕುಡಿತ, ಮಾದಕ ವಸ್ತು ಅಂತ ಹೋದಾಗ ಅವರ ಹಿಂದೆ ಹೋಗದೆ ಉಳಿದವರಲ್ಲಿ ಈ ಮಕ್ಕಳೇ ಮುಂದಿದ್ದರು. ಯೋಚಿಸಿ ನೋಡಿ, ಸಹಜ ಅಲ್ವಾ? ಮನೆಯಲ್ಲಿ ದೊಡ್ಡವರು ಹೇಳಿದ್ದಕ್ಕೆಲ್ಲ ತಲೆ ಆಡಿಸೋದನ್ನು ಕಲಿತ ಮಗು, ಹೊರಗೆ ಗುಂಪಿನ ನಾಯಕ ಹೇಳಿದ್ದಕ್ಕೂ ತಲೆ ಆಡಿಸುತ್ತದೆ. ತಲೆಗೆ ಗೊತ್ತಿರೋದು ಅದೊಂದೇ ಆಟ.

ಹಾಗಂತ ವಾದದಲ್ಲಿ ಅವನೇ ಗೆಲ್ಲಬೇಕು ಅಂತಲ್ಲ. ಅವನ ಮಾತಿಗೆ ತೂಕ ಇದ್ದಾಗ ಮಾತ್ರ ನೀವು ಸ್ವಲ್ಪ ಜರುಗಬೇಕು. "ಆಟ ಮುಗಿಸಿ ಏಳಕ್ಕೆ ಬರ್ತೀನಿ, ಆರಕ್ಕೆ ಆಗಲ್ಲ, ಯಾಕಂದ್ರೆ ಶುರುವಾಗೋದೇ ಐದೂವರೆಗೆ" ಅಂದರೆ ಒಪ್ಪಿಕೊಳ್ಳಿ. "ನಿನ್ನ ಮಾತು ಸರಿ" ಅಂತ ಬಾಯಿಬಿಟ್ಟು ಹೇಳಿ. ಚಿಕ್ಕ ವಿಷಯ ಅನ್ನಿಸುತ್ತದೆ. ನನ್ನ ಮಾತಿಗೆ ಬೆಲೆ ಇದೆ ಅನ್ನೋದನ್ನು ಮಗು ಕಲಿಯೋದು ಇಂಥ ಚಿಕ್ಕ ವಿಷಯಗಳಲ್ಲೇ.

ಇದರಲ್ಲೇ ಅವನ ಅಪ್ಪನ ಮಾತಿಗೂ ಉತ್ತರ ಇದೆ. ದಯವಿಟ್ಟು ಕೈ ಎತ್ತಬೇಡಿ ಅಂತ ಅವರಿಗೆ ಹೇಳಿ. ಅವರ ಸಿಟ್ಟಿನ ಹಿಂದೆ ಪ್ರೀತಿ ಇದೆ, ನನಗೆ ಅರ್ಥ ಆಗುತ್ತದೆ. ಆದರೆ ಬಲ ಇರುವವರ ಮುಂದೆ ಬಗ್ಗಬೇಕು ಅನ್ನೋ ಪಾಠ ಅವನಿಗೆ ಆ ಗುಂಪಿನಲ್ಲಿ ದಿನಾ ಸಿಗುತ್ತಿದೆ. ಮನೆಯಲ್ಲೂ ಅದನ್ನೇ ಕೊಟ್ಟರೆ ಅವನು ಎಲ್ಲಿಗೆ ಬರಬೇಕು? ಅಪ್ಪ ತಮ್ಮ ಹದಿನಾಲ್ಕನೇ ವಯಸ್ಸಿನಲ್ಲಿ ಗೆಳೆಯರ ಮುಂದೆ ಬೇಡ ಅನ್ನೋಕೆ ಆಗದೆ ಮಾಡಿದ ಒಂದು ಕೆಲಸವನ್ನು ಮಗನಿಗೆ ಹೇಳಲಿ. ಕೊನೆಯಲ್ಲಿ ನೀತಿಪಾಠ ಇಲ್ಲದೆ, ಆಗ ಹೇಗನ್ನಿಸಿತ್ತು ಅನ್ನೋದಷ್ಟನ್ನೇ. ಎರಡೇಟಿಗಿಂತ ಆ ಮಾತು ಅವನಲ್ಲಿ ತುಂಬಾ ದಿನ ಉಳಿಯುತ್ತದೆ.

ಆ ಐದು ಹುಡುಗರ ಸಹವಾಸ ಬಿಡಿಸಬೇಕಾ ಅಂತ ಕೇಳಿದ್ದೀರಿ. ಆಜ್ಞೆ ಮಾಡಿ ಬಿಡಿಸೋಕೆ ಆಗೋದಿಲ್ಲ. ಆ ಗೆಳೆತನ ನಿಮ್ಮ ಕಣ್ಣಿಗೆ ಬೀಳದ ಜಾಗಕ್ಕೆ ಹೋಗುತ್ತದೆ, ಅಷ್ಟೇ. ಅದರ ಬದಲು ಅವರನ್ನು ಮನೆಗೆ ಕರೆಯಿರಿ. ಹೆಸರು ಹಿಡಿದು ಮಾತಾಡಿಸಿ. ನೀವು ನೋಡಬೇಕಾದ್ದು ಯಾರು ಕೆಟ್ಟವನು ಅನ್ನೋದನ್ನಲ್ಲ, ಯಾರ ಮುಂದೆ ನಿಮ್ಮ ಮಗ ಸಹಜವಾಗಿರುತ್ತಾನೆ ಅನ್ನೋದನ್ನು. ಐದರಲ್ಲಿ ಒಬ್ಬನಾದರೂ ಅಂಥವನು ಇರುತ್ತಾನೆ. ಆ ಒಬ್ಬನನ್ನು ಮತ್ತೆ ಕರೆಯಿರಿ, ಒಬ್ಬನನ್ನೇ. ಗುಂಪಿನ ನಾಯಕನ ಮೇಲೂ ದ್ವೇಷ ಬೇಡ. ಇದೇ ಆಲೆನ್ ಅವರ ತಂಡ 184 ಮಕ್ಕಳನ್ನು 13ರಿಂದ 23ರವರೆಗೆ ನೋಡಿತ್ತು. ದೊಡ್ಡವರ ಹಾಗೆ ಕಾಣಬೇಕು ಅಂತ 13ಕ್ಕೇ ಅವಸರ ಮಾಡಿದ ಮಕ್ಕಳು ಆಗ ಎಲ್ಲರ ಕಣ್ಮಣಿಗಳಾಗಿದ್ದರು. ಬರಬರುತ್ತಾ ಆ ಬೆಲೆ ಕರಗಿತು. 20 ದಾಟಿದ ಮೇಲೆ ಕುಡಿತ, ಮಾದಕ ವಸ್ತು, ಕಾನೂನಿನ ತೊಂದರೆಗಳು ಅವರಲ್ಲೇ ಜಾಸ್ತಿ ಇದ್ದವು. ಆ ಹುಡುಗನಿಗೂ ಒಬ್ಬ ದೊಡ್ಡವರು ಬೇಕಾಗಿರಬಹುದು.

ಶಾಲೆ ಬದಲಿಸೋದು ಈಗ ಬೇಡ. ಹೊಸ ಶಾಲೆಯಲ್ಲಿ ಅವನು ಮತ್ತೆ ಹೊಸಬ. ಮತ್ತೆ ಒಂದು ಗುಂಪಿನ ಬಾಗಿಲು ತಟ್ಟಬೇಕು. ಆದರೆ ಹೊಡೆತ, ಬೆದರಿಕೆ, ದುಡ್ಡು ಕೀಳೋದು, ಖಾಸಗಿ ಫೋಟೋ ಕೇಳೋದು ನಡೆಯುತ್ತಿದ್ದರೆ ಅದು ಓರಗೆಯವರ ಒತ್ತಡ ಅಲ್ಲ, ದೌರ್ಜನ್ಯ. ಆಗ ತಡಮಾಡದೆ ಶಾಲೆಯ ಮುಖ್ಯಸ್ಥರ ಹತ್ತಿರ ಹೋಗಿ. ಶಾಲೆ ಕೈ ಚೆಲ್ಲಿದರೆ ಬದಲಿಸಿ. ನಿದ್ದೆ, ಊಟ ಬಿಟ್ಟರೆ, ಬದುಕೋದೇ ಬೇಡ ಅನ್ನೋ ಮಾತು ಬಂದರೆ ಅದೇ ದಿನ ಮನೋವೈದ್ಯರನ್ನು ಕಾಣಿ.

ಟೀಚರ್ ಹೇಳಿದ ಮಾತನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಉತ್ತರ ಗೊತ್ತಿದ್ದರೂ ಕೈ ಎತ್ತದೆ ಇರೋದು. ನನಗೆ ಅದು ದೊಡ್ಡ ಸುಳಿವು. ನಾನು ತರಗತಿಯ ಹಿಂದೆ ಕೂತು ಗಮನಿಸಿದ್ದೇನೆ. ಕೈ ಡೆಸ್ಕಿನಿಂದ ಎರಡು ಇಂಚು ಮೇಲೇಳುತ್ತದೆ. ಹಿಂದಿನ ಬೆಂಚಿನಿಂದ ಯಾರೋ ಕೆಮ್ಮುತ್ತಾರೆ, ಬರೀ ಕೆಮ್ಮು. ಕೈ ತಲೆಗೂದಲಿಗೆ ಹೋಗುತ್ತದೆ, ಕೆರೆದುಕೊಳ್ಳೋಕೇ ಎತ್ತಿದ್ದೇನೋ ಅನ್ನೋ ಹಾಗೆ. ಟೀಚರ್‌ಗೆ ಅದು ಕಾಣೋದೇ ಇಲ್ಲ. ದಿನಕ್ಕೆ ಎಷ್ಟು ಸಲ ಹೀಗಾಗುತ್ತದೋ. ಚೆಸ್ ಬಿಟ್ಟಿದ್ದೂ ಬಹುಶಃ ಹೀಗೇ ಇರಬೇಕು. ಯಾರೂ ಬಿಡು ಅಂದಿರೋದಿಲ್ಲ. ಯಾರೋ ಒಮ್ಮೆ ಮುಖ ಸೊಟ್ಟ ಮಾಡಿರುತ್ತಾರೆ.

ಇದನ್ನು ಆ ಟೀಚರ್ ಜೊತೆ ಮಾತಾಡಿ. ಎಲ್ಲರ ಮುಂದೆ ಅವನನ್ನು ಎಬ್ಬಿಸಿ ಕೇಳೋದು ಬೇಡ. ಮೊದಲು ಪಕ್ಕದವರ ಜೊತೆ ಇಬ್ಬಿಬ್ಬರಾಗಿ ಚರ್ಚಿಸಿ ಆಮೇಲೆ ಹೇಳಿ ಅನ್ನಬಹುದು. ಉತ್ತರವನ್ನು ಹಾಳೆಯಲ್ಲಿ ಬರೆಸಿಕೊಳ್ಳಬಹುದು. ಆಶ್ ಪ್ರಯೋಗದಲ್ಲೂ ಉತ್ತರವನ್ನು ಗಟ್ಟಿಯಾಗಿ ಹೇಳದೆ ಬರೆದುಕೊಟ್ಟಾಗ ಗುಂಪಿನ ಹಿಂದೆ ಹೋಗೋದು ತುಂಬಾ ಕಡಿಮೆಯಾಗಿತ್ತು. ಶಾಲೆಗೆ ಮನಸ್ಸಿದ್ದರೆ ಇನ್ನೂ ದೊಡ್ಡದನ್ನು ಮಾಡಬಹುದು. ನ್ಯೂಜೆರ್ಸಿಯ 56 ಶಾಲೆಗಳಲ್ಲಿ ಎಲಿಜಬೆತ್ ಲೆವಿ ಪಾಲಕ್ ಮತ್ತು ಸಂಗಡಿಗರು ಮಾಡಿದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ಕೆಲವು ಮಕ್ಕಳನ್ನು ಸೇರಿಸಿ, ಆಡಿಕೊಳ್ಳೋದು, ಜಗಳ ಇವುಗಳ ವಿರುದ್ಧ ಅವರೇ ತಮ್ಮ ರೀತಿಯಲ್ಲಿ ದನಿ ಎತ್ತುವ ಹಾಗೆ ಮಾಡಿದರು. ಒಂದು ವರ್ಷದಲ್ಲಿ ಆ ಶಾಲೆಗಳಲ್ಲಿ ಮಕ್ಕಳ ಜಗಳದ ದೂರುಗಳು 30% ಕಡಿಮೆಯಾದವು. ಉಳಿದ ಮಕ್ಕಳ ಕಣ್ಣು ಯಾರ ಮೇಲೆ ಜಾಸ್ತಿ ಇರುತ್ತದೋ ಅಂಥ ಮಕ್ಕಳು ತಂಡದಲ್ಲಿ ಹೆಚ್ಚು ಇದ್ದ ಕಡೆ ಪರಿಣಾಮವೂ ಹೆಚ್ಚಿತ್ತು. ಒಬ್ಬರ ಮುಖ ನೋಡಿ ನಗೋ ಮಕ್ಕಳು, ಅದೇ ಒಬ್ಬರ ಮುಖ ನೋಡಿ ನಗೋದನ್ನು ನಿಲ್ಲಿಸಲೂಬಲ್ಲರು.

ಇನ್ನು ಉಳಿದಿರೋದು ನಿಮ್ಮ ಪತ್ರದ ಕೊನೆಯ ಸಾಲು.

ಆ ಗೆಳೆಯನ ತಾಯಿಯ ಹತ್ತಿರ ನೀವೇ ಹೋಗಿ. ಫೋನ್ ಬೇಡ. ಇಂಥ ಮೆಸೇಜ್‌ಗಳು ಗುಂಪಿನೊಳಗೆ ಉಳಿಯೋದಿಲ್ಲ. ಆ ಹುಡುಗನ ಕಿವಿಗೆ ಇಷ್ಟರಲ್ಲಿ ಬಿದ್ದಿರಲೂಬಹುದು. ಅವನು ಮನೆಯಲ್ಲಿ ಹೇಳಿಕೊಳ್ಳದೆ ಒಬ್ಬನೇ ನುಂಗಿಕೊಂಡಿರಬಹುದು. ತೊದಲು ಇರುವ ಮಗು ಇಂಥದ್ದನ್ನು ಕೇಳಿದ ಮೇಲೆ ಮಾತಾಡೋದನ್ನೇ ಕಡಿಮೆ ಮಾಡುತ್ತದೆ. ಅವನ ತಾಯಿಗೆ ಇದು ಗೊತ್ತಾಗಲೇಬೇಕು, ಮತ್ತು ನಿಮ್ಮಿಂದ ಗೊತ್ತಾಗಬೇಕು. ಸುತ್ತಿ ಬಳಸಿ ಹೇಳಬೇಡಿ. "ನನ್ನ ಮಗ ನಿಮ್ಮ ಮಗನನ್ನ ಹೀಗೆ ಆಡಿಕೊಂಡಿದ್ದಾನೆ. ನನಗೆ ಗೊತ್ತಾದ ಮೇಲೆ ಸುಮ್ನಿರೋಕೆ ಆಗಲಿಲ್ಲ. ನಿಮ್ಮ ಮಗನನ್ನ ಸ್ವಲ್ಪ ಮಾತಾಡಿಸಿ ನೋಡಿ." ಆ ಹುಡುಗರೆಲ್ಲ ಸೇರಿ ಹಾಗೆ ಮಾಡಿಸಿದರು ಅನ್ನಬೇಡಿ. ಅದು ಕಾರಣ ಇರಬಹುದು, ಆ ತಾಯಿಗೆ ಅದರಿಂದ ಏನೂ ಆಗಬೇಕಾಗಿಲ್ಲ.

ಮಗನಿಂದ ಒತ್ತಾಯದ ಕ್ಷಮೆ ಕೇಳಿಸಬೇಡಿ. ಬಾಯಿಪಾಠದ ಸಾರಿ ಆ ಹುಡುಗನಿಗೆ ಇನ್ನೊಂದು ಅವಮಾನ. ಆದರೆ ಒಂದನ್ನು ಹೇಳಿ. ಆಶ್ ಅವರ ಕೋಣೆಯಲ್ಲಿ ಒಬ್ಬ ಜೊತೆಗಿದ್ದರೆ ಸಾಕಾಗಿತ್ತಲ್ಲ, ಆ ಕಥೆ ಹೇಳಿ. ನಿನ್ನ ಜೀವನದಲ್ಲಿ ಆ ಒಬ್ಬ ಯಾರು ಅಂತ ಕೇಳಿ. ಅವನು ಹೆಸರು ಹೇಳದೆ ಇರಬಹುದು. ಆದರೆ ಅವನಿಗೆ ಗೊತ್ತಾಗುತ್ತದೆ. ಆ ಗೆಳೆಯ ಕ್ಷಮಿಸದೆಯೂ ಇರಬಹುದು, ಅದು ಅವನ ಹಕ್ಕು. ಹಾಗಾದರೆ ನಿಮ್ಮ ಮಗ ಆ ನಷ್ಟವನ್ನು ಹೊರಲಿ, ನೀವು ಪಕ್ಕದಲ್ಲಿರಿ.

ಹೊರಡೋ ಮೊದಲು ಮಗನಿಗೆ ತಿಳಿಸಿ ಹೋಗಿ. "ಅವರ ಮನೆಗೆ ಹೋಗ್ತಿದ್ದೀನಿ, ನಡೆದದ್ದನ್ನ ಹೇಳ್ತೀನಿ" ಅನ್ನಿ. ಅವನು ಕಿರುಚಬಹುದು, ಅಳಬಹುದು, ಬಾಗಿಲು ಹಾಕಿಕೊಳ್ಳಬಹುದು. ನಾನೂ ಬರ್ತೀನಿ ಅಂದರೆ ಕರೆದುಕೊಂಡು ಹೋಗಿ. ಇಲ್ಲ ಅಂದರೆ ಒಬ್ಬರೇ ಹೋಗಿಬನ್ನಿ.